ಐಡ್ಲಿಂಗ್ ಸ್ಥಿತಿಯಲ್ಲಿ ಪೆಟ್ರೋಲ್ ಕಾರಿನ ಇಂಜಿನ್ ನಿಂತುಹೋಗುವುದು: ಇಂಧನ ವ್ಯವಸ್ಥೆಯ ಸೆನ್ಸರ್ ದೋಷಗಳ ಪತ್ತೆ ಮತ್ತು ವಾಯುಮಾಲಿನ್ಯ ತಪಾಸಣೆ

ವಾಹನ ಮಾಲೀಕರ ಮಾಹಿತಿಗಾಗಿ

1. ಉದ್ದೇಶ

ವಾಯುಮಾಲಿನ್ಯ ನಿಯಂತ್ರಣ ಪ್ರಮಾಣ ಪತ್ರಕ್ಕಾಗಿ ಅಥವಾ ನೋಂದಣಿ ಪ್ರಮಾಣ ಪತ್ರದ ನವೀಕರಣಕ್ಕಾಗಿ ತರಲಾಗುವ ಪೆಟ್ರೋಲ್ ಕಾರುಗಳ ಹೊಗೆ ತಪಾಸಣೆಯನ್ನು ಐಡ್ಲಿಂಗ್ ಸ್ಥಿತಿಯಲ್ಲಿ, ಅಂದರೆ ವಾಹನ ನಿಂತಿದ್ದು, ಗೇರ್ ನ್ಯೂಟ್ರಲ್‌ನಲ್ಲಿದ್ದು, ಆಕ್ಸಿಲರೇಟರ್ ಒತ್ತದೆ ಇಂಜಿನ್ ಚಾಲನೆಯಲ್ಲಿರುವಾಗ ನಡೆಸಲಾಗುತ್ತದೆ. ಈ ಸ್ಥಿತಿಯಲ್ಲಿ ಇಂಜಿನ್ ತಾನಾಗಿಯೇ ನಿಂತುಹೋಗುವ ಅಥವಾ ಏರಿಳಿತದಿಂದ ಓಡುವ ವಾಹನವನ್ನು ಸರಿಯಾಗಿ ತಪಾಸಣೆ ಮಾಡಲು ಸಾಧ್ಯವಾಗುವುದಿಲ್ಲ. ಇಂತಹ ದೋಷಕ್ಕೆ ಇಂಧನ ವ್ಯವಸ್ಥೆಗೆ ಸಂಬಂಧಿಸಿದ ಸೆನ್ಸರ್‌ಗಳು ಎಷ್ಟರಮಟ್ಟಿಗೆ ಕಾರಣ, ಅದನ್ನು ಯಾವ ಕ್ರಮದಲ್ಲಿ ಪತ್ತೆ ಹಚ್ಚಬೇಕು ಮತ್ತು ಅನಾವಶ್ಯಕ ಬಿಡಿಭಾಗಗಳ ಬದಲಾವಣೆಯನ್ನು ಹೇಗೆ ತಪ್ಪಿಸಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ. ಈ ಮಾಹಿತಿಯು ಎಂಪಿಎಫ್‌ಐ ಪದ್ಧತಿಯ ಪೆಟ್ರೋಲ್ ಕಾರುಗಳಿಗೆ ಅನ್ವಯಿಸುತ್ತದೆ; ಡೀಸೆಲ್ ವಾಹನಗಳಿಗೆ ಮತ್ತು ಕಾರ್ಬ್ಯುರೇಟರ್ ಅಳವಡಿಸಿದ ಹಳೆಯ ವಾಹನಗಳಿಗೆ ಅನ್ವಯಿಸುವುದಿಲ್ಲ.

2. ದೋಷವನ್ನು ಏಕೆ ನಿರ್ಲಕ್ಷಿಸಬಾರದು

ಸಿಗ್ನಲ್‌ನಲ್ಲಿ ಇಂಜಿನ್ ನಿಂತುಹೋಗುವುದನ್ನು ಕೇವಲ ಕಿರಿಕಿರಿ ಎಂದು ಭಾವಿಸುವುದು ಸರಿಯಲ್ಲ. ಪೆಟ್ರೋಲ್ ಕಾರುಗಳಲ್ಲಿ ಸಾಮಾನ್ಯವಾಗಿ ಬ್ರೇಕ್ ಬೂಸ್ಟರ್ ಇಂಜಿನ್ನಿನ ನಿರ್ವಾತದಿಂದ ಕೆಲಸ ಮಾಡುತ್ತದೆ. ಇಂಜಿನ್ ನಿಂತ ಮೇಲೆ ಬೂಸ್ಟರ್‌ನಲ್ಲಿ ಉಳಿದಿರುವ ನಿರ್ವಾತವು ಕೆಲವೇ ಬಾರಿ ಬ್ರೇಕ್ ಒತ್ತಲು ಸಾಕಾಗುತ್ತದೆ. ಅನಂತರ ಪೆಡಲ್ ಗಟ್ಟಿಯಾಗಿ, ಅದೇ ಪ್ರಮಾಣದ ಬ್ರೇಕಿಗೆ ಹಲವು ಪಟ್ಟು ಬಲ ಬೇಕಾಗುತ್ತದೆ. ಪವರ್ ಸ್ಟಿಯರಿಂಗ್ ಸಹಾಯವೂ ತಪ್ಪಿಹೋಗಬಹುದು. ಶಿರಾಡಿ, ಚಾರ್ಮಾಡಿ, ಆಗುಂಬೆಯಂತಹ ಘಾಟಿ ರಸ್ತೆಗಳಲ್ಲಿ ಇಳಿಜಾರಿನಲ್ಲಿ ಕ್ಲಚ್ ಒತ್ತಿದಾಗ ಅಥವಾ ನ್ಯೂಟ್ರಲ್‌ನಲ್ಲಿರುವಾಗ ಇಂಜಿನ್ ನಿಂತರೆ ಅಪಾಯ ಸಂಭವಿಸಬಹುದು.

ಚಾಲನೆಯಲ್ಲಿ ಇಂಜಿನ್ ನಿಂತ ಸಂದರ್ಭದಲ್ಲಿ ಈ ಕೆಳಕಂಡಂತೆ ನಡೆದುಕೊಳ್ಳತಕ್ಕದ್ದು.

ಅ) ಬ್ರೇಕ್ ಪೆಡಲ್ ಅನ್ನು ಮತ್ತೆ ಮತ್ತೆ ಒತ್ತಿ ಬಿಡದೆ, ಒಮ್ಮೆ ದೃಢವಾಗಿ ಒತ್ತಿ ಹಿಡಿಯುವುದು.
ಆ) ವಾಹನ ಪೂರ್ಣವಾಗಿ ನಿಲ್ಲುವವರೆಗೆ ಕೀಲಿಯನ್ನು ಹೊರತೆಗೆಯದಿರುವುದು, ಕೀಲಿ ತೆಗೆದರೆ ಸ್ಟಿಯರಿಂಗ್ ಲಾಕ್ ಆಗುವ ಸಂಭವವಿರುತ್ತದೆ.
ಇ) ನಾಲ್ಕೂ ಇಂಡಿಕೇಟರ್‌ಗಳನ್ನು ಹಾಕಿ, ವಾಹನವನ್ನು ರಸ್ತೆಯ ಎಡಬದಿಗೆ ತಂದು, ಎಚ್ಚರಿಕೆಯ ತ್ರಿಕೋನವನ್ನು ಹಿಂಬದಿಯಲ್ಲಿ ಇಡುವುದು.

3. ಐಡ್ಲಿಂಗ್ ಸ್ಥಿತಿಯಲ್ಲಿ ಇಂಜಿನ್ ನಡೆಯುವ ಬಗೆ

ಪೆಟ್ರೋಲ್ ಪೂರ್ಣವಾಗಿ ಉರಿಯಲು 1 ಕಿಲೋಗ್ರಾಂ ಇಂಧನಕ್ಕೆ ಸುಮಾರು 14.7 ಕಿಲೋಗ್ರಾಂ ಗಾಳಿ ಬೇಕು. ಗಾಳಿ ಇದಕ್ಕಿಂತ ಹೆಚ್ಚಾದರೆ ಮಿಶ್ರಣ ತೆಳುವಾಗುತ್ತದೆ. ಇಂಧನ ಹೆಚ್ಚಾದರೆ ಮಿಶ್ರಣ ದಟ್ಟವಾಗುತ್ತದೆ. ಈ ಪ್ರಮಾಣವನ್ನು ಕಾಪಾಡುವ ಕೆಲಸ ಇಸಿಯು ಎಂಬ ಗಣಕ ಘಟಕದ್ದಾಗಿರುತ್ತದೆ. ಅದು ಸೆನ್ಸರ್‌ಗಳಿಂದ ಮಾಹಿತಿ ಪಡೆದು, ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿರಬೇಕೆಂದು ನಿರ್ಧರಿಸುತ್ತದೆ.

ಹೆಚ್ಚಿನ ಕಾರುಗಳಲ್ಲಿ ಬಿಸಿಯಾದ ಇಂಜಿನ್ ಐಡ್ಲಿಂಗ್‌ನಲ್ಲಿ ನಿಮಿಷಕ್ಕೆ ಸುಮಾರು 700ರಿಂದ 900 ಸುತ್ತು ತಿರುಗುತ್ತದೆ. ಈ ವೇಗದಲ್ಲಿ ಒಳಹೋಗುವ ಗಾಳಿ ಮತ್ತು ಇಂಧನ ಎರಡೂ ಅತ್ಯಲ್ಪ. ಆದುದರಿಂದ ರಸ್ತೆಯಲ್ಲಿ ಓಡುವಾಗ ಗಮನಕ್ಕೆ ಬಾರದ ಸಣ್ಣ ವ್ಯತ್ಯಾಸವೂ ಐಡ್ಲಿಂಗ್‌ನಲ್ಲಿ ಇಂಜಿನ್ ನಿಲ್ಲಲು ಸಾಕಾಗುತ್ತದೆ. ವೇಗವಾಗಿ ಓಡುವಾಗ ಕಾರು ಸರಿಯಾಗಿದೆ ಎಂಬ ಕಾರಣಕ್ಕೆ ದೋಷವಿಲ್ಲವೆಂದು ತೀರ್ಮಾನಿಸಬಾರದು.

4. ಸಂಬಂಧಪಟ್ಟ ಸೆನ್ಸರ್‌ಗಳು ಮತ್ತು ದೋಷದ ಲಕ್ಷಣಗಳು

ಸಾರ್ವಜನಿಕರು "ಫ್ಯೂಯೆಲ್ ಸೆನ್ಸರ್" ಎಂದು ಕರೆಯುವುದು ಒಂದೇ ಉಪಕರಣವಲ್ಲ. ಇಂಧನದ ಪ್ರಮಾಣವನ್ನು ನಿರ್ಧರಿಸಲು ನೆರವಾಗುವ ಹಲವು ಸೆನ್ಸರ್‌ಗಳಿದ್ದು, ಪ್ರತಿಯೊಂದರ ದೋಷವೂ ಬೇರೆ ಬಗೆಯಲ್ಲಿ ವ್ಯಕ್ತವಾಗುತ್ತದೆ.

4.1 ಆಕ್ಸಿಜನ್ ಸೆನ್ಸರ್: ಹೊಗೆ ಕೊಳವೆಯಲ್ಲಿದ್ದು, ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುತ್ತದೆ. ಸಾಮಾನ್ಯ ಜಿರ್ಕೋನಿಯಾ ಸೆನ್ಸರ್ ಸುಮಾರು 300 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿಯಾದ ಮೇಲೆ, ತೆಳು ಮಿಶ್ರಣಕ್ಕೆ ಸುಮಾರು 0.1 ವೋಲ್ಟ್ ಮತ್ತು ದಟ್ಟ ಮಿಶ್ರಣಕ್ಕೆ ಸುಮಾರು 0.9 ವೋಲ್ಟ್ ನೀಡುತ್ತದೆ. ಸುಸ್ಥಿತಿಯಲ್ಲಿರುವ ಸೆನ್ಸರ್‌ನ ಓದು ಈ ಎರಡರ ನಡುವೆ ನಿರಂತರವಾಗಿ ಏರಿಳಿಯುತ್ತಿರಬೇಕು. ಮಿಶ್ರಣ ತೆಳುವಾಗಿದೆ ಎಂದು ಸೆನ್ಸರ್ ಸುಳ್ಳು ಸೂಚನೆ ನೀಡಿದರೆ ಇಸಿಯು ಇಂಧನ ಹೆಚ್ಚಿಸುತ್ತದೆ. ಕಪ್ಪು ಹೊಗೆ, ಪೆಟ್ರೋಲ್ ವಾಸನೆ ಮತ್ತು ಮೈಲೇಜ್ ಕುಸಿತ ಕಂಡುಬರುತ್ತದೆ. ದಟ್ಟವಾಗಿದೆ ಎಂದು ಸುಳ್ಳು ಸೂಚನೆ ನೀಡಿದರೆ ಇಂಧನ ಕಡಿತಗೊಂಡು ಇಂಜಿನ್ ನಿಲ್ಲುತ್ತದೆ.

4.2 ಎಂಎಪಿ ಮತ್ತು ಎಂಎಎಫ್ ಸೆನ್ಸರ್: ಮೊದಲನೆಯದು ಇನ್‌ಟೇಕ್ ಮ್ಯಾನಿಫೋಲ್ಡ್‌ನ ಒತ್ತಡವನ್ನೂ, ಎರಡನೆಯದು ಒಳಬರುವ ಗಾಳಿಯ ಪ್ರಮಾಣವನ್ನೂ ಅಳೆಯುತ್ತವೆ. ಗಾಳಿಯ ಲೆಕ್ಕ ತಪ್ಪಿದರೆ ಇಂಧನದ ಲೆಕ್ಕವೂ ತಪ್ಪುತ್ತದೆ. ಎಂಎಎಫ್ ಸೆನ್ಸರ್‌ನ ತಂತಿಯ ಮೇಲೆ ಧೂಳು ಅಥವಾ ಎಣ್ಣೆ ಅಂಟಿದರೆ ಗಾಳಿ ಕಡಿಮೆ ಎಂದು ತೋರಿಸುವ ಸಂಭವವಿರುತ್ತದೆ.

4.3 ಕೂಲಂಟ್ ತಾಪಮಾನ ಸೆನ್ಸರ್: ಇಂಜಿನ್ ತಣ್ಣಗಿರುವಾಗ ಹೆಚ್ಚು ಇಂಧನ ನೀಡಲು ಈ ಸೆನ್ಸರ್ ಆಧಾರ. ಸಾಮಾನ್ಯವಾಗಿ ಇದರ ವಿದ್ಯುತ್ ನಿರೋಧವು 20 ಡಿಗ್ರಿಯಲ್ಲಿ 2,000ರಿಂದ 3,000 ಓಮ್ ಇದ್ದು, 80 ಡಿಗ್ರಿಯ ಸುಮಾರಿಗೆ 300 ಓಮ್ ಆಸುಪಾಸಿಗೆ ಇಳಿಯುತ್ತದೆ. ಬಿಸಿ ಇಂಜಿನ್ ಅನ್ನು ತಣ್ಣಗಿದೆ ಎಂದು ತೋರಿಸಿದರೆ ಮಿಶ್ರಣ ದಟ್ಟವಾಗುತ್ತದೆ. ತಣ್ಣಗಿನ ಇಂಜಿನ್ ಅನ್ನು ಬಿಸಿಯಾಗಿದೆ ಎಂದು ತೋರಿಸಿದರೆ ಬೆಳಗಿನ ಮೊದಲ ಸ್ಟಾರ್ಟ್‌ನ ನಂತರ ಇಂಜಿನ್ ನಿಲ್ಲುತ್ತದೆ.

4.4 ಥ್ರಾಟಲ್ ಪೊಸಿಷನ್ ಸೆನ್ಸರ್ ಮತ್ತು ಐಡಲ್ ಕಂಟ್ರೋಲ್ ವಾಲ್ವ್: ಆಕ್ಸಿಲರೇಟರ್ ಬಿಟ್ಟಿದೆಯೆಂಬುದನ್ನು ಮೊದಲನೆಯದು ತಿಳಿಸುತ್ತದೆ; ಐಡ್ಲಿಂಗ್‌ಗೆ ಬೇಕಾದ ಗಾಳಿಯನ್ನು ಎರಡನೆಯದು ಒದಗಿಸುತ್ತದೆ. ಎಲೆಕ್ಟ್ರಾನಿಕ್ ಥ್ರಾಟಲ್ ಇರುವ ಕಾರುಗಳಲ್ಲಿ ಈ ಕೆಲಸವನ್ನು ಥ್ರಾಟಲ್ ಮೋಟರ್ ಮಾಡುತ್ತದೆ. ಇಲ್ಲಿ ಮಸಿ ಕಟ್ಟಿಕೊಂಡರೆ ಯಾವ ಸೆನ್ಸರ್ ಕೆಡದಿದ್ದರೂ ಇಂಜಿನ್ ನಿಲ್ಲಬಹುದು.

4.5 ಟ್ಯಾಂಕಿನ ಇಂಧನ ಮಟ್ಟದ ಸೆನ್ಸರ್: ಇದು ಮಿಶ್ರಣವನ್ನು ನಿಯಂತ್ರಿಸುವುದಿಲ್ಲ. ಆದರೆ ಇದು ಕೆಟ್ಟು ಮೀಟರ್ ತಪ್ಪು ತೋರಿಸಿದಾಗ, ಟ್ಯಾಂಕ್ ಬಹುತೇಕ ಬರಿದಾಗಿರುವುದು ತಿಳಿಯದೆ ಇಂಜಿನ್ ನಿಲ್ಲುತ್ತದೆ. ಬೇರೆ ತಪಾಸಣೆಗೆ ಮೊದಲು ತಿಳಿದ ಪ್ರಮಾಣದ ಪೆಟ್ರೋಲ್ ಹಾಕಿಸಿ ಮೀಟರ್ ಏರುವುದನ್ನು ಗಮನಿಸುವುದು ಸೂಕ್ತ.

5. ಯಾವ ಸಂದರ್ಭದಲ್ಲಿ ನಿಲ್ಲುತ್ತದೆ ಎಂಬುದರ ಮಹತ್ವ

ವಾಹನ ಮಾಲೀಕರು ವರ್ಕ್‌ಶಾಪ್‌ಗೆ ಹೋಗುವ ಮುನ್ನ, ಇಂಜಿನ್ ಯಾವ ಸಂದರ್ಭದಲ್ಲಿ ನಿಲ್ಲುತ್ತದೆ ಎಂಬುದನ್ನು ಬರೆದಿಟ್ಟುಕೊಂಡರೆ ಪತ್ತೆಕಾರ್ಯ ಬಹಳಷ್ಟು ಸುಲಭವಾಗುತ್ತದೆ.

• ಬೆಳಿಗ್ಗೆ ತಣ್ಣಗಿರುವಾಗ ಮಾತ್ರ: ಕೂಲಂಟ್ ಸೆನ್ಸರ್, ಐಡಲ್ ಗಾಳಿಯ ಮಾರ್ಗ.
• ದಟ್ಟಣೆಯಲ್ಲಿ ಬಿಸಿಯಾದ ಮೇಲೆ ಮಾತ್ರ: ಕೂಲಂಟ್ ಸೆನ್ಸರ್, ಕ್ರ್ಯಾಂಕ್ ಸೆನ್ಸರ್, ಇಂಧನ ಪಂಪ್.
• ಏಸಿ ಹಾಕಿದ ಕೂಡಲೇ: ಐಡಲ್ ಕಂಟ್ರೋಲ್ ವಾಲ್ವ್, ಮಸಿ ಕಟ್ಟಿದ ಥ್ರಾಟಲ್.
• ಪೆಟ್ರೋಲ್ ಹಾಕಿಸಿದ ಕೂಡಲೇ: ತೆರೆದೇ ಉಳಿದ ಪರ್ಜ್ ವಾಲ್ವ್, ನೀರು ಸೇರಿದ ಅಥವಾ ಕಲಬೆರಕೆ ಇಂಧನ.
• ಬ್ಯಾಟರಿ ಬದಲಿಸಿದ ನಂತರ: ಇಸಿಯು ಕಲಿತಿದ್ದ ಐಡಲ್ ಮೌಲ್ಯಗಳು ಅಳಿಸಿಹೋಗಿರುವುದು.
• ಮಳೆಗಾಲದಲ್ಲಿ ಅಥವಾ ಬಹುದಿನ ನಿಲ್ಲಿಸಿದ ನಂತರ: ಕನೆಕ್ಟರ್‌ನಲ್ಲಿ ನೀರು, ಇಲಿ ಕಡಿದ ವೈರು.

6. ಪತ್ತೆಯ ಕ್ರಮ

ಕೆಳಕಂಡ ಹಂತಗಳನ್ನು ಇದೇ ಕ್ರಮದಲ್ಲಿ ಅನುಸರಿಸುವುದು ಸೂಕ್ತ. ಮೊದಲ ಮೂರು ಹಂತಗಳನ್ನು ಮಾಲೀಕರೇ ಗಮನಿಸಬಹುದು. ಉಳಿದವುಗಳನ್ನು ತರಬೇತಿ ಪಡೆದ ಮೆಕ್ಯಾನಿಕ್‌ನಿಂದ ಮಾಡಿಸತಕ್ಕದ್ದು. ಮುಚ್ಚಿದ ಗ್ಯಾರೇಜಿನಲ್ಲಿ ಇಂಜಿನ್ ಚಾಲನೆಯಲ್ಲಿಟ್ಟು ಪರೀಕ್ಷಿಸಬಾರದು. ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್ ಅನಿಲ ಪ್ರಾಣಾಪಾಯಕಾರಿ.

ಹಂತ 1: ಇಗ್ನಿಷನ್ ಆನ್ ಮಾಡಿದಾಗ ಇಂಜಿನ್ ಚಿತ್ರದ ಎಚ್ಚರಿಕೆ ದೀಪ ಬೆಳಗಿ, ಸ್ಟಾರ್ಟ್ ಆದ ನಂತರ ಆರಬೇಕು. ಆರದಿದ್ದರೆ ದೋಷ ದಾಖಲಾಗಿದೆ ಎಂದರ್ಥ. ಆನ್ ಮಾಡಿದಾಗ ದೀಪ ಬೆಳಗದೇ ಇದ್ದರೆ ಅದು ಸುಟ್ಟಿರಬಹುದು ಅಥವಾ ಯಾರಾದರೂ ಅದನ್ನು ಕಡಿತಗೊಳಿಸಿರಬಹುದು. ಹಳೆಯ ಕಾರು ಖರೀದಿಸುವವರು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು.

ಹಂತ 2: ಬ್ಯಾಟರಿ ಟರ್ಮಿನಲ್ ಬಿಗಿಯಾಗಿದೆಯೇ, ಏರ್ ಫಿಲ್ಟರ್ ಶುಚಿಯಾಗಿದೆಯೇ, ಇಂಧನ ಸಾಕಷ್ಟಿದೆಯೇ ಎಂದು ನೋಡುವುದು.

ಹಂತ 3: ಇನ್‌ಟೇಕ್‌ನ ರಬ್ಬರ್ ಕೊಳವೆ ಬಿರುಕು ಬಿಟ್ಟಿದೆಯೇ, ನಿರ್ವಾತದ ಸಣ್ಣ ಕೊಳವೆ ಕಳಚಿದೆಯೇ, "ಉಸ್" ಎಂಬ ಶಬ್ದ ಬರುತ್ತಿದೆಯೇ ಎಂದು ಪರಿಶೀಲಿಸುವುದು.

ಹಂತ 4: ಸ್ಕ್ಯಾನರ್ ಜೋಡಿಸಿ ದೋಷ ಸಂಕೇತಗಳನ್ನು ಓದುವುದು. ಸಂಕೇತಗಳನ್ನೂ, ದೋಷ ಉಂಟಾದ ಕ್ಷಣದಲ್ಲಿ ದಾಖಲಾದ ಓದುಗಳನ್ನೂ ಬರೆದುಕೊಳ್ಳುವ ಮೊದಲು ಅಳಿಸಬಾರದು. ಅಳಿಸಿದರೆ ಮುಖ್ಯ ಸಾಕ್ಷ್ಯವೇ ಇಲ್ಲದಂತಾಗುತ್ತದೆ.

ಹಂತ 5: ರಾತ್ರಿಯಿಡೀ ನಿಂತಿದ್ದ ಕಾರಿನಲ್ಲಿ, ಇಂಜಿನ್ ಸ್ಟಾರ್ಟ್ ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿ ಓದುಗಳನ್ನು ನೋಡುವುದು. ಕೂಲಂಟ್ ತಾಪಮಾನವು ಹೊರಗಿನ ಗಾಳಿಯ ತಾಪಮಾನಕ್ಕೆ ಹತ್ತಿರವಿರಬೇಕು. ಎಂಎಪಿ ಸೆನ್ಸರ್ ಆ ಊರಿನ ವಾಯುಭಾರವನ್ನೇ ತೋರಿಸಬೇಕು. ಸಮುದ್ರ ಮಟ್ಟದಲ್ಲಿರುವ ಮಂಗಳೂರು, ಕಾರವಾರಗಳಲ್ಲಿ ಇದು ಸುಮಾರು 101 ಕಿಲೋಪಾಸ್ಕಲ್. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಸುಮಾರು 91 ಕಿಲೋಪಾಸ್ಕಲ್. ಮಡಿಕೇರಿಯಲ್ಲಿ ಇನ್ನೂ ಕಡಿಮೆ. ಬೆಂಗಳೂರಿನಲ್ಲಿ 91 ಎಂಬ ಓದನ್ನು ನೋಡಿ, ಕೈಪಿಡಿಯಲ್ಲಿ 101 ಎಂದಿದೆಯೆಂಬ ಕಾರಣಕ್ಕೆ ಸೆನ್ಸರ್ ಕೆಟ್ಟಿದೆಯೆಂದು ಭಾವಿಸಬಾರದು.

ಹಂತ 6: ಇಂಜಿನ್ ಬಿಸಿಯಾದ ಮೇಲೆ ಫ್ಯೂಯೆಲ್ ಟ್ರಿಮ್ ಓದನ್ನು ಐಡ್ಲಿಂಗ್‌ನಲ್ಲಿ ಒಮ್ಮೆ, 2,500 ಸುತ್ತಿನಲ್ಲಿ ಒಮ್ಮೆ ನೋಡುವುದು. ಇಸಿಯು ಮೂಲ ಲೆಕ್ಕಕ್ಕಿಂತ ಶೇಕಡಾ ಎಷ್ಟು ಇಂಧನ ಹೆಚ್ಚಿಸುತ್ತಿದೆ ಅಥವಾ ಕಡಿಮೆ ಮಾಡುತ್ತಿದೆ ಎಂಬುದನ್ನು ಈ ಓದು ತಿಳಿಸುತ್ತದೆ. ಶೇ. 10ರ ಒಳಗಿನ ಹೆಚ್ಚು ಕಡಿಮೆ ಸಾಮಾನ್ಯ.
– ಐಡ್ಲಿಂಗ್‌ನಲ್ಲಿ ಬಹಳ ಹೆಚ್ಚಿದ್ದು 2,500 ಸುತ್ತಿನಲ್ಲಿ ಸರಿಹೋದರೆ: ಗಾಳಿಯ ಸೋರಿಕೆ. ಎಂಎಎಫ್ ಸೆನ್ಸರ್ ಇರುವ ಕಾರುಗಳಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಎಂಎಪಿ ಸೆನ್ಸರ್ ಇರುವ ಕಾರುಗಳಲ್ಲಿ ಸೋರಿಕೆಯಿಂದ ಸಾಮಾನ್ಯವಾಗಿ ಐಡ್ಲಿಂಗ್ ವೇಗವೇ ಏರುತ್ತದೆ ಅಥವಾ ಏರಿಳಿಯುತ್ತದೆ.
– ವೇಗ ಮತ್ತು ಭಾರ ಹೆಚ್ಚಿದಂತೆ ಓದೂ ಹೆಚ್ಚಿದರೆ: ಇಂಧನ ಫಿಲ್ಟರ್, ಪಂಪ್ ಅಥವಾ ಒತ್ತಡದ ಕೊರತೆ.
– ಐಡ್ಲಿಂಗ್‌ನಲ್ಲಿ ಬಹಳ ಕಡಿಮೆಯಿದ್ದರೆ: ಸೋರುವ ಇಂಜೆಕ್ಟರ್, ತೆರೆದೇ ಉಳಿದ ಪರ್ಜ್ ವಾಲ್ವ್, ಹೆಚ್ಚಿದ ಇಂಧನ ಒತ್ತಡ.

ಹಂತ 7: ಇಂಧನ ಒತ್ತಡವನ್ನು ಗೇಜ್‌ನಿಂದ ಅಳೆಯುವುದು. ಹಲವು ಎಂಪಿಎಫ್‌ಐ ಕಾರುಗಳಲ್ಲಿ ಇದು ಸುಮಾರು 3 ಬಾರ್ ಇರುತ್ತದೆ. ಆಯಾ ಮಾದರಿಯ ಕೈಪಿಡಿಯ ಮೌಲ್ಯವೇ ಅಂತಿಮ.

ಹಂತ 8: ಸೆನ್ಸರ್ ಬದಲಿಸುವ ಮೊದಲು ಅದರ ಕನೆಕ್ಟರ್, ವೈರು, ಅರ್ಥಿಂಗ್ ಮತ್ತು 5 ವೋಲ್ಟ್ ಪೂರೈಕೆಯನ್ನು ಪರೀಕ್ಷಿಸತಕ್ಕದ್ದು. ವೈರು ತುಂಡಾಗಿದ್ದರೆ ಹೊಸ ಸೆನ್ಸರ್ ಹಾಕಿದರೂ ದೋಷ ಉಳಿಯುತ್ತದೆ.

ಹಂತ 9: ಥ್ರಾಟಲ್ ಬಾಡಿಯನ್ನು ಶುಚಿಗೊಳಿಸಿ, ತಯಾರಕರು ಸೂಚಿಸಿದ ವಿಧಾನದಂತೆ ಐಡಲ್ ಮರುಕಲಿಕೆಯನ್ನು ಮಾಡಿಸುವುದು.

7. ಸಾಮಾನ್ಯ ದೋಷ ಸಂಕೇತಗಳು

• ಪಿ0171: ಮಿಶ್ರಣ ತೆಳು.
• ಪಿ0172: ಮಿಶ್ರಣ ದಟ್ಟ.
• ಪಿ0130ರಿಂದ ಪಿ0135: ಮೊದಲ ಆಕ್ಸಿಜನ್ ಸೆನ್ಸರ್ ಮತ್ತು ಅದರ ಹೀಟರ್.
• ಪಿ0100ರಿಂದ ಪಿ0103: ಎಂಎಎಫ್ ಸೆನ್ಸರ್.
• ಪಿ0105ರಿಂದ ಪಿ0108: ಎಂಎಪಿ ಸೆನ್ಸರ್.
• ಪಿ0115ರಿಂದ ಪಿ0118: ಕೂಲಂಟ್ ತಾಪಮಾನ ಸೆನ್ಸರ್.
• ಪಿ0120ರಿಂದ ಪಿ0123: ಥ್ರಾಟಲ್ ಪೊಸಿಷನ್ ಸೆನ್ಸರ್.
• ಪಿ0335: ಕ್ರ್ಯಾಂಕ್ ಸೆನ್ಸರ್.
• ಪಿ0460: ಟ್ಯಾಂಕಿನ ಇಂಧನ ಮಟ್ಟದ ಸೆನ್ಸರ್.
• ಪಿ0505ರಿಂದ ಪಿ0507: ಐಡ್ಲಿಂಗ್ ನಿಯಂತ್ರಣ.

ಸಂಕೇತವು ದೋಷವಿರುವ ವಲಯವನ್ನು ಸೂಚಿಸುತ್ತದೆಯೇ ಹೊರತು ಬದಲಿಸಬೇಕಾದ ಬಿಡಿಭಾಗವನ್ನಲ್ಲ. ಉದಾಹರಣೆಗೆ, ಪಿ0171 ಬಂದಾಗ ಆಕ್ಸಿಜನ್ ಸೆನ್ಸರ್ ಬದಲಿಸುವುದು ಸಾಮಾನ್ಯವಾಗಿ ಕಂಡುಬರುವ ತಪ್ಪು. ಬಹುತೇಕ ಸಂದರ್ಭಗಳಲ್ಲಿ ಆ ಸೆನ್ಸರ್ ತನ್ನ ಕೆಲಸವನ್ನು ಸರಿಯಾಗಿ ಮಾಡಿ, ಗಾಳಿಯ ಸೋರಿಕೆಯನ್ನೋ ಇಂಧನದ ಕೊರತೆಯನ್ನೋ ವರದಿ ಮಾಡಿರುತ್ತದೆ. ಹೊಗೆ ಕೊಳವೆಯಲ್ಲಿ ಸೆನ್ಸರ್‌ಗೆ ಮೊದಲು ಸೋರಿಕೆಯಿದ್ದರೆ ಅಥವಾ ಸ್ಪಾರ್ಕ್ ಪ್ಲಗ್ ಕೆಟ್ಟು ಒಂದು ಸಿಲಿಂಡರ್ ಉರಿಯದಿದ್ದರೆ, ಆಗಲೂ ಹೊಗೆಯಲ್ಲಿ ಆಮ್ಲಜನಕ ಹೆಚ್ಚಿ ಮಿಶ್ರಣ ತೆಳುವಾಗಿರುವಂತೆ ಕಾಣುತ್ತದೆ.

8. ವಾಯುಮಾಲಿನ್ಯ ತಪಾಸಣೆ

ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ ನಿಯಮ 115ರಂತೆ, ಮೊದಲ ನೋಂದಣಿಯ ದಿನಾಂಕದಿಂದ ಒಂದು ವರ್ಷದ ನಂತರ ಪ್ರತಿಯೊಂದು ವಾಹನವೂ ಊರ್ಜಿತ ವಾಯುಮಾಲಿನ್ಯ ನಿಯಂತ್ರಣ ಪ್ರಮಾಣ ಪತ್ರವನ್ನು ಹೊಂದಿರತಕ್ಕದ್ದು. ಇದರ ಅವಧಿ 6 ತಿಂಗಳು. ಭಾರತ್ ಸ್ಟೇಜ್-4 ಮತ್ತು ಭಾರತ್ ಸ್ಟೇಜ್-6 ವಾಹನಗಳಿಗೆ 1 ವರ್ಷ.

ಪೆಟ್ರೋಲ್ ಕಾರುಗಳಿಗೆ ಐಡ್ಲಿಂಗ್ ಸ್ಥಿತಿಯ ಮಿತಿಗಳು:

• ಭಾರತ್ ಸ್ಟೇಜ್-2ಕ್ಕಿಂತ ಹಿಂದಿನವು: ಕಾರ್ಬನ್ ಮಾನಾಕ್ಸೈಡ್ ಶೇ. 3.0, ಹೈಡ್ರೋಕಾರ್ಬನ್ 1,500 ಪಿಪಿಎಂ.
• ಭಾರತ್ ಸ್ಟೇಜ್-2 ಮತ್ತು 3: ಶೇ. 0.5, 750 ಪಿಪಿಎಂ.
• ಭಾರತ್ ಸ್ಟೇಜ್-4 ಮತ್ತು 6: ಶೇ. 0.3, 200 ಪಿಪಿಎಂ. ಇವುಗಳಿಗೆ 2,500 ಸುತ್ತಿನ ಆಸುಪಾಸಿನಲ್ಲಿ ಎರಡನೆಯ ತಪಾಸಣೆಯೂ ಇದ್ದು, ಅಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇ. 0.2 ಮೀರಬಾರದು ಮತ್ತು ಲ್ಯಾಂಬ್ಡಾ ಮೌಲ್ಯ 0.97ರಿಂದ 1.03ರ ಒಳಗೆ ಅಥವಾ ತಯಾರಕರು ಘೋಷಿಸಿದಂತೆ ಇರಬೇಕು.

ತಪಾಸಣೆಯ ಚೀಟಿಯು ದೋಷ ಪತ್ತೆಗೂ ಉಪಯುಕ್ತ. ಕಾರ್ಬನ್ ಮಾನಾಕ್ಸೈಡ್ ಹೆಚ್ಚಿದ್ದರೆ ಮಿಶ್ರಣ ದಟ್ಟವಾಗಿದೆ ಎಂದರ್ಥ. ಅದು ಕಡಿಮೆಯಿದ್ದು ಹೈಡ್ರೋಕಾರ್ಬನ್ ಮಾತ್ರ ಹೆಚ್ಚಿದ್ದರೆ, ಮಿಶ್ರಣ ಅತಿ ತೆಳುವಾಗಿ ಅಥವಾ ಸ್ಪಾರ್ಕ್ ದೋಷದಿಂದ ಇಂಧನ ಉರಿಯದೆ ಹೊರಬರುತ್ತಿದೆ ಎಂದು ತಿಳಿಯಬಹುದು. ಲ್ಯಾಂಬ್ಡಾ 1.03 ಮೀರಿದ್ದರೆ ತೆಳು ಮಿಶ್ರಣ ಅಥವಾ ಹೊಗೆ ಕೊಳವೆಯ ಸೋರಿಕೆಯನ್ನು ಪರಿಶೀಲಿಸತಕ್ಕದ್ದು.

ಜೂನ್ 2021ರ ಕೇಂದ್ರ ಅಧಿಸೂಚನೆಯಂತೆ, ಮಿತಿ ಮೀರಿದ ವಾಹನದ ಮಾಲೀಕರಿಗೆ ತಿರಸ್ಕಾರ ಚೀಟಿ ನೀಡುವ ವ್ಯವಸ್ಥೆ ಜಾರಿಗೆ ಬಂದಿತು. ಇದನ್ನು ಕೇಳಿ ಪಡೆದು ವರ್ಕ್‌ಶಾಪ್‌ನಲ್ಲಿ ತೋರಿಸಬಹುದು. ತಪಾಸಣಾ ಯಂತ್ರದಲ್ಲಿಯೇ ದೋಷವಿದೆಯೆಂಬ ಅನುಮಾನವಿದ್ದರೆ ಇದೇ ಚೀಟಿಯೊಂದಿಗೆ ಮತ್ತೊಂದು ಅಧಿಕೃತ ಕೇಂದ್ರದಲ್ಲಿ ತಪಾಸಣೆ ಮಾಡಿಸಬಹುದು.

ನಿಗದಿತ ಮಿತಿಯನ್ನು ಮೀರಿದ ವಾಹನವನ್ನು ಓಡಿಸುವುದು ಮೋಟಾರು ವಾಹನಗಳ ಕಾಯ್ದೆ, 1988ರ ಕಲಂ 190(2)ರ ಉಲ್ಲಂಘನೆ. 2019ರ ತಿದ್ದುಪಡಿಯು ಇದಕ್ಕೆ 10,000 ರೂಪಾಯಿಗಳವರೆಗಿನ ದಂಡವನ್ನು ನಿಗದಿಪಡಿಸಿತು. ವಾಹನವನ್ನು ತಪಾಸಣೆಗೆ ಒಳಪಡಿಸದೆ ಪಡೆದ ಪ್ರಮಾಣ ಪತ್ರವು ದೋಷವನ್ನು ಮರೆಮಾಚುತ್ತದೆಯೇ ವಿನಾ ನಿವಾರಿಸುವುದಿಲ್ಲ.

15 ವರ್ಷ ಪೂರೈಸುವ ಸ್ವಂತ ಬಳಕೆಯ ಕಾರುಗಳ ನೋಂದಣಿ ನವೀಕರಣಕ್ಕೆ ನಮೂನೆ 25ರಲ್ಲಿ, ಅವಧಿ ಮುಗಿಯುವ ಮುನ್ನ 60 ದಿನಗಳ ಒಳಗಾಗಿ ಅರ್ಜಿ ಸಲ್ಲಿಸತಕ್ಕದ್ದು. ನವೀಕರಣದ ಅವಧಿ 5 ವರ್ಷ. ಇಂಜಿನ್ ನಿಂತುಹೋಗುವ ದೋಷವಿದ್ದಲ್ಲಿ ಪರಿವೀಕ್ಷಣೆಗೆ ವಾಹನ ತರುವ ಮೊದಲೇ ಸರಿಪಡಿಸಿಕೊಳ್ಳುವುದರಿಂದ ಮರುಭೇಟಿ ತಪ್ಪುತ್ತದೆ.

9. ವರ್ಕ್‌ಶಾಪ್‌ನಲ್ಲಿ ಗಮನಿಸಬೇಕಾದ ಅಂಶಗಳು

• ದೋಷ ಸಂಕೇತಗಳನ್ನೂ ಅಳತೆಯ ಓದುಗಳನ್ನೂ ಜಾಬ್ ಕಾರ್ಡ್‌ನಲ್ಲಿ ಬರೆಸುವುದು.
• ಬಿಡಿಭಾಗ ಬದಲಿಸುವ ಮೊದಲು ಅಂದಾಜು ವೆಚ್ಚವನ್ನು ಲಿಖಿತವಾಗಿ ಪಡೆಯುವುದು.
• ಬದಲಿಸಿದ ಹಳೆಯ ಭಾಗವನ್ನು ಹಿಂದಕ್ಕೆ ಕೇಳುವುದು ಮತ್ತು ರಸೀದಿ ಪಡೆಯುವುದು. ಸೇವೆಯಲ್ಲಿ ಲೋಪವಾದಲ್ಲಿ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸಲು ಈ ದಾಖಲೆಗಳು ಅಗತ್ಯ.
• ವಾರಂಟಿ ಅವಧಿಯಲ್ಲಿರುವ ಕಾರನ್ನು ತಯಾರಕರ ಅಧಿಕೃತ ಕೇಂದ್ರಕ್ಕೆ ಒಯ್ಯುವುದು.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರ: ಆಕ್ಸಿಜನ್ ಸೆನ್ಸರ್‌ನ ಕನೆಕ್ಟರ್ ತೆಗೆದರೆ ಇಂಜಿನ್ ನಿಲ್ಲುವುದಿಲ್ಲ. ಹಾಗೆಯೇ ಓಡಿಸಬಹುದೇ?
ಉ: ಓಡಿಸಬಾರದು. ಇಸಿಯು ಹೊಗೆಯ ಮಾಹಿತಿಯಿಲ್ಲದೆ ಅಂದಾಜಿನ ಮೇಲೆ ಇಂಧನ ನೀಡುತ್ತದೆ. ಮಿಶ್ರಣ ದಟ್ಟವಾದಲ್ಲಿ ಉರಿಯದ ಇಂಧನದಿಂದ ಕೆಟಲಿಟಿಕ್ ಕನ್ವರ್ಟರ್ ಅತಿಯಾಗಿ ಬಿಸಿಯಾಗಿ ಹಾಳಾಗುವ ಸಂಭವವಿದೆ. ಅದರ ಬೆಲೆ ಸೆನ್ಸರ್‌ಗಿಂತ ಬಹಳ ಹೆಚ್ಚು.

ಪ್ರ: ಐಡ್ಲಿಂಗ್ ವೇಗವನ್ನು ಸ್ಕ್ರೂ ತಿರುಗಿಸಿ ಹೆಚ್ಚಿಸಿದರೆ ಸಾಕೆ?
ಉ: ಎಂಪಿಎಫ್‌ಐ ಕಾರುಗಳಲ್ಲಿ ಥ್ರಾಟಲ್ ಸ್ಟಾಪ್ ಸ್ಕ್ರೂವನ್ನು ತಯಾರಕರೇ ನಿಗದಿಪಡಿಸಿರುತ್ತಾರೆ. ಅದನ್ನು ತಿರುಗಿಸಿದರೆ ಥ್ರಾಟಲ್ ಮುಚ್ಚಿದೆಯೆಂಬ ಸೂಚನೆ ತಪ್ಪಿ, ಹೊಸ ದೋಷ ಉಂಟಾಗುತ್ತದೆ.

ಪ್ರ: ಎಥೆನಾಲ್ ಮಿಶ್ರಿತ ಪೆಟ್ರೋಲ್ ಇದಕ್ಕೆ ಕಾರಣವೇ?
ಉ: ಎಥೆನಾಲ್‌ನಲ್ಲಿ ಆಮ್ಲಜನಕವಿರುವುದರಿಂದ ಅದೇ ಗಾಳಿಗೆ ಸ್ವಲ್ಪ ಹೆಚ್ಚು ಇಂಧನ ಬೇಕು. ಸುಸ್ಥಿತಿಯಲ್ಲಿರುವ ಕಾರು ಇದನ್ನು ಫ್ಯೂಯೆಲ್ ಟ್ರಿಮ್ ಮೂಲಕ ಸರಿದೂಗಿಸುತ್ತದೆ, ಶೇ. 20 ಎಥೆನಾಲ್ ಇರುವ ಪೆಟ್ರೋಲ್‌ನಲ್ಲಿ ಹಳೆಯ ಕಾರಿನ ಟ್ರಿಮ್ ಕೆಲವು ಶೇಕಡಾ ಏರುವುದು ಸಹಜ. ಮೊದಲೇ ದುರ್ಬಲವಾಗಿದ್ದ ಪಂಪ್ ಅಥವಾ ಸೆನ್ಸರ್ ಇದ್ದಲ್ಲಿ ದೋಷ ಬಯಲಾಗಬಹುದು. ಟ್ಯಾಂಕಿಗೆ ನೀರು ಸೇರಿದರೆ ಎಥೆನಾಲ್ ನೀರಿನೊಡನೆ ಬೇರ್ಪಟ್ಟು ತಳಕ್ಕೆ ಇಳಿಯುತ್ತದೆ. ಆಗ ಟ್ಯಾಂಕ್ ಬರಿದುಮಾಡಿ ಶುಚಿಗೊಳಿಸುವುದೇ ಪರಿಹಾರ.

ಪ್ರ: ಇಂಧನದ ಗುಣಮಟ್ಟದ ಬಗ್ಗೆ ಅನುಮಾನವಿದ್ದರೆ ಏನು ಮಾಡಬೇಕು?
ಉ: ಪೆಟ್ರೋಲ್ ಬಂಕ್‌ನಲ್ಲಿ ಫಿಲ್ಟರ್ ಪೇಪರ್ ಪರೀಕ್ಷೆ ಮತ್ತು ಸಾಂದ್ರತೆಯ ಪರೀಕ್ಷೆಯನ್ನು ಗ್ರಾಹಕರು ಕೇಳಿ ನೋಡಬಹುದು. ರಸೀದಿಯನ್ನು ಉಳಿಸಿಕೊಂಡು ಸಂಬಂಧಪಟ್ಟ ತೈಲ ಕಂಪನಿಗೆ ದೂರು ನೀಡಬಹುದು.

ಪ್ರ: ದುರಸ್ತಿಯಾದ ದಿನವೇ ಹೊಗೆ ತಪಾಸಣೆ ಮಾಡಿಸಬಹುದೇ?
ಉ: ಮಾಡಿಸಬಹುದು. ಆದರೆ ಸಂಕೇತಗಳನ್ನು ಅಳಿಸಿದ ಮೇಲೆ ಇಸಿಯು ಮೌಲ್ಯಗಳನ್ನು ಮತ್ತೆ ಕಲಿಯಲು ಸ್ವಲ್ಪ ದೂರದ ಓಡಾಟ ಬೇಕಾಗುತ್ತದೆ. ಇಂಜಿನ್ ಮತ್ತು ಕನ್ವರ್ಟರ್ ಪೂರ್ಣ ಬಿಸಿಯಾದ ಮೇಲೆ, ಏಸಿ ಬಂದ್ ಮಾಡಿ ತಪಾಸಣೆಗೆ ನಿಲ್ಲಿಸುವುದು ಸೂಕ್ತ.

ಸೂಚನೆ: ಮೇಲ್ಕಂಡ ತಾಂತ್ರಿಕ ಮೌಲ್ಯಗಳು ಸಾಮಾನ್ಯ ಸ್ವರೂಪದವು. ಆಯಾ ವಾಹನದ ತಯಾರಕರ ಕೈಪಿಡಿಯಲ್ಲಿ ಬೇರೆ ಮೌಲ್ಯವಿದ್ದಲ್ಲಿ ಅದನ್ನೇ ಅನುಸರಿಸತಕ್ಕದ್ದು. ಕಾಯ್ದೆ ಮತ್ತು ನಿಯಮಗಳ ವಿಷಯದಲ್ಲಿ ಮೂಲ ಅಧಿಸೂಚನೆಗಳೇ ಅಂತಿಮ. ನೋಂದಣಿ ಮತ್ತು ಪ್ರಮಾಣ ಪತ್ರಗಳ ಕುರಿತ ಹೆಚ್ಚಿನ ವಿವರಗಳಿಗೆ ವಾಹನ ಮಾಲೀಕರು ತಮ್ಮ ವ್ಯಾಪ್ತಿಯ ಪ್ರಾದೇಶಿಕ ಸಾರಿಗೆ ಅಧಿಕಾರಿಗಳ ಕಛೇರಿಯನ್ನು ಕಛೇರಿ ವೇಳೆಯಲ್ಲಿ ಸಂಪರ್ಕಿಸಬಹುದು.